12 ವೋಲ್ಟ್ ಟ್ರಾನ್ಸ್‌ಫಾರ್ಮರ್, ಆದರೆ 12 ಎಲ್ಲೂ ಇಲ್ಲ: ಒಂದು ರೆಕ್ಟಿಫೈಯರ್ ಪ್ರಕರಣ

ಟ್ರಾನ್ಸ್‌ಫಾರ್ಮರ್ ಮೇಲೆ 0-12 ವೋಲ್ಟ್, 1 ಆಂಪಿಯರ್ ಎಂದು ಬರೆದಿತ್ತು. ಅದರಿಂದ ಕಟ್ಟಿದ ಸಪ್ಲೈಯಲ್ಲಿ ಮೀಟರ್ ಒಂದು ಸಲ 11.2 ತೋರಿಸಿತು. ಇನ್ನೊಂದು ಸಲ 18.4. ಮತ್ತೊಂದು ಸಲ 40. ಕೊನೆಗೆ ದೀಪ ಉರಿಯಬೇಕಾದ ಜಾಗದಲ್ಲಿ 9.7. ಇಷ್ಟರಲ್ಲಿ 12 ಮಾತ್ರ ಎಲ್ಲೂ ಬರಲಿಲ್ಲ.

ಕಟ್ಟಿದವನು ಡಿಪ್ಲೊಮಾ ಎರಡನೇ ವರ್ಷದ ಹುಡುಗ. ಉಡುಪಿಯಲ್ಲಿ ನನ್ನ ರಿಪೇರಿ ಅಂಗಡಿಗೆ ಕಾಂಪೊನೆಂಟ್ ಕೇಳಿಕೊಂಡು ಆಗಾಗ ಬರುತ್ತಾನೆ. ಬ್ರಹ್ಮಾವರದ ಆಚೆ ಇರುವ ಅಜ್ಜಿ ಮನೆಗೆ ಎರಡು ಕೆಲಸದ ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದ. ಒಂದು, ತುಳಸಿಕಟ್ಟೆಯ ಸುತ್ತ ಒಂದು ಮೀಟರ್ ಎಲ್‌ಇಡಿ ಸ್ಟ್ರಿಪ್. ಎರಡು, ಟ್ಯಾಂಕ್ ತುಂಬಿದಾಗ ಪಂಪ್ ಆಫ್ ಮಾಡುವ ರಿಲೇ. ಎರಡಕ್ಕೂ 12 ವೋಲ್ಟ್ ಡಿಸಿ ಬೇಕು. ಸರ್ಕ್ಯೂಟ್ ಎಲ್ಲರಿಗೂ ಗೊತ್ತಿರುವಂಥದ್ದೇ: ಟ್ರಾನ್ಸ್‌ಫಾರ್ಮರ್, ನಾಲ್ಕು 1ಎನ್4007 ಡಯೋಡ್‌ಗಳ ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇದೇ), ಅಲೆಯ ಏರಿಳಿತ ತಗ್ಗಿಸಲು 470 ಮೈಕ್ರೋಫ್ಯಾರಡ್ ಕೆಪಾಸಿಟರ್, ಆಮೇಲೆ ವೋಲ್ಟೇಜನ್ನು 12ಕ್ಕೆ ಹಿಡಿದಿಡುವ ಒಂದು 7812 ರೆಗ್ಯುಲೇಟರ್.

ದೂರು ಅಜ್ಜಿಯದು. ಫೋನಿನಲ್ಲಿ ಹೇಳಿದರಂತೆ, "ದೀಪ ಕಣ್ಣು ಮಿಟುಕಿಸಿದ ಹಾಗೆ ಆಗ್ತದೆ ಮಗಾ, ನೋಡ್ಲಿಕ್ಕೆ ಆಗುದಿಲ್ಲ. ಆ ಡಬ್ಬಿ ಬೇರೆ ಗುಂಯ್ ಅಂತದೆ." ಹುಡುಗ ಸ್ಟ್ರಿಪ್ ಬದಲಿಸಿದ, ರಿಲೇ ಬದಲಿಸಿದ. ಎರಡೂ ಹಣ ದಂಡ. ಆಮೇಲೆ ಬೋರ್ಡ್ ಕಿತ್ತು ನನ್ನ ಮೇಜಿನ ಮೇಲೆ ಇಟ್ಟ. ಜೊತೆಗೆ ರೀಡಿಂಗ್ ಬರೆದ ಹಾಳೆಯನ್ನೂ ಕೊಟ್ಟ. ಈ ಹಾಳೆ ಇಲ್ಲದಿದ್ದರೆ ನನ್ನ ಅರ್ಧ ದಿನ ಹೋಗುತ್ತಿತ್ತು. ಬರೆದಿಟ್ಟ ನಂಬರು ತಪ್ಪು ಅನಿಸಿದರೂ ಹೊಡೆದು ಹಾಕಬಾರದು ಎಂದು ನಾನು ಹುಡುಗರಿಗೆ ಹೇಳುವುದು ಇದಕ್ಕೇ.

ಹಾಳೆಯಲ್ಲಿದ್ದ 40ನ್ನು ಮೊದಲು ಮುಗಿಸಿಬಿಡೋಣ. ಅದು ಸರ್ಕ್ಯೂಟಿನ ವೋಲ್ಟೇಜೇ ಅಲ್ಲ. ಹುಡುಗನ ಹತ್ತಿರ ಇರುವುದು ಹಳದಿ ಬಣ್ಣದ ಅಗ್ಗದ ಮೀಟರ್. ಡಿಸಿ ಇರುವ ಜಾಗವನ್ನು ಎಸಿ ರೇಂಜಿನಲ್ಲಿ ಅಳೆದಿದ್ದ. ಇಂಥ ಮೀಟರುಗಳ ಎಸಿ ರೇಂಜಿನ ಒಳಗೆ ಒಂದೇ ಒಂದು ಡಯೋಡ್ ಇರುತ್ತದೆ. ಅರ್ಧ ಅಲೆಯ ಸರಾಸರಿ ತೆಗೆದುಕೊಂಡು, ಅದನ್ನು ಸುಮಾರು 2.2ರಿಂದ ಗುಣಿಸಿ ಆರ್‌ಎಂಎಸ್ (ಅಷ್ಟೇ ಶಾಖ ಕೊಡುವ ಡಿಸಿಗೆ ಸಮನಾದ ಬೆಲೆ) ಎಂದು ತೋರಿಸುತ್ತವೆ. ಸೈನ್ ಅಲೆ ಇದ್ದರೆ ಲೆಕ್ಕ ಸರಿ. 18.4 ಡಿಸಿ ಕೊಟ್ಟರೆ ಅದನ್ನೂ 2.2ರಿಂದ ಗುಣಿಸುತ್ತದೆ, 40 ಬರುತ್ತದೆ. ಪ್ರೋಬ್ ತಿರುಗಿಸಿ ಹಿಡಿ ಎಂದೆ. ಸೊನ್ನೆ ಬಂತು. ಹುಡುಗನ ಮುಖ ನೋಡಬೇಕಿತ್ತು!

ಇನ್ನು 11.2 ಮತ್ತು 18.4. ಇವೆರಡೂ ಬ್ರೆಡ್‌ಬೋರ್ಡಿನಲ್ಲಿ ಅಳೆದದ್ದು. ಎರಡೂ ಸರಿಯಾದ ರೀಡಿಂಗೇ. ಮೊದಲನೆಯದು ಕೆಪಾಸಿಟರ್ ಹಾಕುವ ಮುಂಚೆ, ಬ್ರಿಡ್ಜ್ ಔಟ್‌ಪುಟ್‌ಗೆ ಒಂದು ಕಿಲೋಓಮ್ ರೆಸಿಸ್ಟರ್ ಮಾತ್ರ ಇದ್ದಾಗ. ಎರಡನೆಯದು ರೆಸಿಸ್ಟರ್ ತೆಗೆದು ಕೆಪಾಸಿಟರ್ ಹಾಕಿದ ಮೇಲೆ. ಹುಡುಗನ ಪ್ರಶ್ನೆ ನೇರವಾಗಿತ್ತು: "ಅಣ್ಣಾ, ಕೆಪಾಸಿಟರ್ ವೋಲ್ಟೇಜ್ ಜಾಸ್ತಿ ಮಾಡ್ತದಾ? ಏಳು ವೋಲ್ಟ್ ಎಲ್ಲಿಂದ ಬಂತು?"

ಎಲ್ಲಿಂದಲೂ ಬಂದದ್ದಲ್ಲ, ಮೊದಲಿಂದಲೇ ಇತ್ತು. ಟ್ರಾನ್ಸ್‌ಫಾರ್ಮರ್ ಮೇಲೆ ಬರೆಯುವ 12 ಆರ್‌ಎಂಎಸ್ ಬೆಲೆ. ಅಲೆಯ ತುದಿ, ಅಂದರೆ ಪೀಕ್, ಅದರ 1.414 ಪಟ್ಟು. ಮನೆಯ ಸಾಕೆಟ್‌ನಲ್ಲೂ ಹಾಗೆಯೇ. 230 ಅನ್ನುತ್ತೇವೆ, ಆದರೆ ಪ್ರತಿ ಅಲೆಯಲ್ಲೂ ಅದು 325 ವೋಲ್ಟ್‌ವರೆಗೆ ಏರಿ ಇಳಿಯುತ್ತದೆ. ಮೊಬೈಲ್ ಚಾರ್ಜರ್ ಬಿಚ್ಚಿದವರು ಒಳಗಿನ ದಪ್ಪ ಕೆಪಾಸಿಟರ್ ಮೇಲೆ 400 ವೋಲ್ಟ್ ಎಂದು ಬರೆದದ್ದನ್ನು ನೋಡಿರಬಹುದು. 230ಕ್ಕೆ 400 ಯಾಕೆ ಎಂದರೆ ಇದೇ ಕಾರಣ.

ಇನ್ನೊಂದು ವಿಷಯ ಉಂಟು. ಆ 12 ಎಂಬ ನಂಬರು ಪೂರ್ತಿ 1 ಆಂಪಿಯರ್ ಎಳೆಯುವಾಗ ಬರುವುದು. ಸಣ್ಣ ಟ್ರಾನ್ಸ್‌ಫಾರ್ಮರುಗಳಲ್ಲಿ ಲೋಡ್ ಇಲ್ಲದಾಗ ಶೇಕಡಾ 10ರಿಂದ 20ರಷ್ಟು ಜಾಸ್ತಿಯೇ ಇರುತ್ತದೆ. ಇದರ ಸೆಕೆಂಡರಿಯನ್ನು (ಔಟ್‌ಪುಟ್ ಕಡೆಯ ಸುತ್ತು) ಬರಿದೇ ಅಳೆದರೆ 13.8 ಬಂತು. ಅಂಗಡಿಯಲ್ಲಿ ಆಗ ಲೈನ್, ಅಂದರೆ ಸಾಕೆಟ್‌ನ ವೋಲ್ಟೇಜ್, 232 ಇತ್ತು. ಈಗ ಲೆಕ್ಕ ಹಾಕಿ. 13.8ನ್ನು 1.414ರಿಂದ ಗುಣಿಸಿದರೆ 19.5. ಇದು ಪೀಕ್.

ಆ 19.5 ಪೂರ್ತಿ ನಮ್ಮ ಕೈಗೆ ಬರುವುದಿಲ್ಲ. ಡಯೋಡ್ ತನ್ನ ಪಾಲು ಹಿಡಿದುಕೊಳ್ಳುತ್ತದೆ. ಉಡುಪಿಯಿಂದ ಕಾರಿನಲ್ಲಿ ಕೇರಳದ ಗಡಿಯತ್ತ ಹೊರಟರೆ ಹೆಜಮಾಡಿಯಲ್ಲಿ ಒಂದು ಟೋಲ್, ತಲಪಾಡಿಯಲ್ಲಿ ಇನ್ನೊಂದು. ಬ್ರಿಡ್ಜ್‌ನಲ್ಲೂ ಕರೆಂಟಿಗೆ ಪ್ರತಿ ಸಲ ಎರಡು ಟೋಲ್. ಹೋಗುವಾಗ ಒಂದು ಡಯೋಡ್, ವಾಪಸ್ ಬರುವಾಗ ಒಂದು. ಸಿಲಿಕಾನ್ ಡಯೋಡ್‌ಗೆ 0.7 ವೋಲ್ಟ್ ಎಂದು ಪುಸ್ತಕದಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಅದು ನಡುವಿನ ಬೆಲೆ ಅಷ್ಟೆ. ಮೀಟರ್ ಮಾತ್ರ ಲೋಡ್ ಆಗಿದ್ದರೆ ಅರ್ಧ ವೋಲ್ಟ್ ಹೋಗುತ್ತದೆ. ಕೆಪಾಸಿಟರ್ ತುಂಬುವ ಆ ಕ್ಷಣದಲ್ಲಿ ಎರಡು ಆಂಪಿಯರ್ ಹರಿದರೆ ಒಂದು ವೋಲ್ಟ್ ಹತ್ತಿರ ಹೋಗುತ್ತದೆ. ಇಲ್ಲಿ ಲೋಡ್ ಇಲ್ಲ, ಎರಡೂ ಸೇರಿ ಒಂದು ವೋಲ್ಟ್ ಚಿಲ್ಲರೆ. 19.5ರಲ್ಲಿ ಅದನ್ನು ಕಳೆದರೆ 18.4. ಹಾಳೆಯಲ್ಲಿದ್ದದ್ದೂ ಅದೇ.

ಹಾಗಾದರೆ 11.2? ಕೆಪಾಸಿಟರ್ ಇಲ್ಲದಾಗ ಔಟ್‌ಪುಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿದು ಮತ್ತೆ ಪೀಕಿಗೆ ಏರುತ್ತದೆ. ಡಿಸಿ ಮೀಟರಿಗೆ ಅಷ್ಟು ವೇಗವಾಗಿ ನೋಡಲು ಆಗುವುದಿಲ್ಲ. ಅದು ಸರಾಸರಿ ತೋರಿಸುತ್ತದೆ. ಫುಲ್ ವೇವ್‌ನ (ಅಲೆಯ ಎರಡೂ ಅರ್ಧ ಬಳಸಿದಾಗ) ಸರಾಸರಿ ಪೀಕ್‌ನ 0.637 ಭಾಗ, ಅಥವಾ ಆರ್‌ಎಂಎಸ್‌ನ 0.9 ಭಾಗ. 13.8ರ 0.9 ಅಂದರೆ 12.4. ಅದರಲ್ಲಿ ಡಯೋಡುಗಳ ಪಾಲು ತೆಗೆದರೆ 11.2. ಕೆಪಾಸಿಟರ್ ಹಾಕಿದ ಮೇಲೆ ಅದು ಪೀಕ್‌ವರೆಗೆ ತುಂಬಿಕೊಂಡು, ಎಳೆಯುವವರು ಯಾರೂ ಇಲ್ಲದ್ದರಿಂದ ಅಲ್ಲೇ ನಿಲ್ಲುತ್ತದೆ. ಮೀಟರ್ ಈಗ ತೋರಿಸುವುದು ಪೀಕ್. ಒಂದೇ ಅಲೆ, ಎರಡು ರೀತಿಯಲ್ಲಿ ನೋಡಿದ್ದು, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ. ಬ್ರೆಡ್‌ಬೋರ್ಡಿನಲ್ಲಿ ಅವನು ಮೊದಲು ಹಾಕಿದ್ದು 16 ವೋಲ್ಟ್ ಕೆಪಾಸಿಟರ್. 12 ವೋಲ್ಟ್ ಸಪ್ಲೈಗೆ 16 ಸಾಕಲ್ವಾ ಎಂಬ ಲೆಕ್ಕ. 18.4ಕ್ಕೆ ಅದರ ತಲೆ ಉಬ್ಬಿಕೊಂಡಿತ್ತು. ಪುಣ್ಯಕ್ಕೆ ಸಿಡಿಯಲಿಲ್ಲ. ಸೋಲ್ಡರ್ ಮಾಡುವಾಗ 25ರದ್ದು ಹಾಕಿದ.

ಇಲ್ಲಿಯವರೆಗೆ ಬಂದದ್ದು ಗೊಂದಲ, ದೋಷವಲ್ಲ. ದೋಷ ಇದ್ದದ್ದು ಸೋಲ್ಡರ್ ಮಾಡಿದ ಬೋರ್ಡಿನಲ್ಲಿ. ಸ್ಟ್ರಿಪ್ ಸೇರಿಸಿ ಆನ್ ಮಾಡಿದೆ. ಕಣ್ಣಂಚಿನಿಂದ ನೋಡಿದರೆ ಬೆಳಕು ಅದುರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಮೊಬೈಲ್ ಕ್ಯಾಮೆರಾ ಹಿಡಿದರೆ ದಪ್ಪ ಕಪ್ಪು ಪಟ್ಟಿಗಳು. ಅಜ್ಜಿಯ ಕಣ್ಣು ಚೆನ್ನಾಗಿಯೇ ಇದೆ. 7812ರ ಮುಂಚೆ 11.6 ವೋಲ್ಟ್, ಆಚೆ 9.7. ಲೋಡ್ ತೆಗೆದರೆ ಮುಂಚಿನದು ಮತ್ತೆ 18.4.

ಹುಡುಗ ಬ್ರಿಡ್ಜ್ ಮೇಲೆ ಅನುಮಾನವನ್ನೇ ಪಟ್ಟಿರಲಿಲ್ಲ. ಅದಕ್ಕೆ ಅವನ ಹತ್ತಿರ ಎರಡು ಕಾರಣ ಇದ್ದವು. ಒಂದು, ಲೋಡ್ ಇಲ್ಲದೆ ಬ್ರೆಡ್‌ಬೋರ್ಡಿನಲ್ಲಿ ಬಂದ 18.4 ಇಲ್ಲೂ ಬರುತ್ತಿದೆ. ಎರಡು, ನಾಲ್ಕೂ ಡಯೋಡನ್ನು ಕರೆಂಟ್ ತೆಗೆದು ಡಯೋಡ್ ರೇಂಜಿನಲ್ಲಿ ಚೆಕ್ ಮಾಡಿದ್ದಾನೆ, ನಾಲ್ಕೂ 0.56 ಆಸುಪಾಸು ತೋರಿಸಿವೆ. ಕೇಳಿದರೆ ಎರಡೂ ಸರಿಯಾದ ಸಾಕ್ಷಿ ಅನಿಸುತ್ತದೆ. ಎರಡೂ ಸುಳ್ಳು ಸಾಕ್ಷಿ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಕಲಿಯುವಂಥದ್ದು ಇರುವುದು ಇಲ್ಲೇ.

ಮೊದಲ ಸಾಕ್ಷಿ ನೋಡಿ. ಲೋಡ್ ಇಲ್ಲದಾಗ ಕೆಪಾಸಿಟರ್ ಒಮ್ಮೆ ತುಂಬಿದರೆ ಮುಗಿಯಿತು. ಅದನ್ನು ಸೆಕೆಂಡಿಗೆ 100 ಸಲ ತುಂಬಿದರೂ ಒಂದೇ, 50 ಸಲ ತುಂಬಿದರೂ ಒಂದೇ. ಹಾಗಾಗಿ ಬ್ರಿಡ್ಜ್‌ನಲ್ಲಿ ಒಂದು ಡಯೋಡ್ ಸತ್ತು ಅರ್ಧ ಅಲೆ ಮಾತ್ರ ಬರುತ್ತಿದ್ದರೂ ಮೀಟರ್ 18.4 ಎಂದೇ ಹೇಳುತ್ತದೆ. ರೆಕ್ಟಿಫೈಯರನ್ನು ಲೋಡ್ ಇಲ್ಲದೆ ಅಳೆದು ಸರಿ ಇದೆ ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಅವನು ಅಳೆಯುವಾಗ ಟ್ರಾನ್ಸ್‌ಫಾರ್ಮರ್ ವೈರುಗಳನ್ನು ಬಿಡಿಸಿರಲಿಲ್ಲ. ಸೆಕೆಂಡರಿ ಅಂದರೆ ಬರೀ ತಾಮ್ರದ ತಂತಿಯ ಸುತ್ತು, ಒಂದೆರಡು ಓಮ್ ಅಷ್ಟೆ. ಡಿಸಿ ಲೆಕ್ಕದಲ್ಲಿ ಬ್ರಿಡ್ಜ್‌ನ ಎರಡು ಎಸಿ ಕಾಲುಗಳೂ ಅದರ ಮೂಲಕ ಶಾರ್ಟ್ ಆಗಿವೆ. ಪ್ಲಸ್ ಕಡೆಗೆ ಹೋಗುವ ಎರಡು ಡಯೋಡ್ ಆಗ ಪ್ಯಾರಲಲ್. ಒಂದು ಕೆಲಸ ಮಾಡದಿದ್ದರೆ ಮೀಟರಿನ ಕರೆಂಟು ಸುತ್ತಿನ ಮೂಲಕ ಇನ್ನೊಂದಕ್ಕೆ ಹೋಗಿ 0.56 ತೋರಿಸುತ್ತದೆ. ಮೈನಸ್ ಕಡೆಯ ಜೋಡಿಗೂ ಇದೇ ಕತೆ. ಅಕ್ಕಪಕ್ಕದವ ಹಾಜರಿ ಹೇಳಿದ ಹಾಗೆ!

ನಾನು ಮಾಡಿದ್ದು ಇಷ್ಟು. ಕೆಪಾಸಿಟರಿನ ಒಂದು ಕಾಲು ಎತ್ತಿದೆ. 7812ಕ್ಕೆ ಹೋಗುವ ವೈರ್ ಬಿಡಿಸಿದೆ. ಬ್ರಿಡ್ಜ್ ಔಟ್‌ಪುಟ್‌ಗೆ ಅದೇ ಒಂದು ಕಿಲೋಓಮ್ ರೆಸಿಸ್ಟರ್ ಸಿಕ್ಕಿಸಿ ಡಿಸಿ ರೇಂಜಿನಲ್ಲಿ ಅಳೆದೆ. 5.6.

ಹಾಳೆಯಲ್ಲಿದ್ದ 11.2ರ ಸರಿಯಾದ ಅರ್ಧ. ಇದಕ್ಕಿಂತ ಸ್ಪಷ್ಟವಾದ ಉತ್ತರ ಸಿಗುವುದಿಲ್ಲ. ಹಾಫ್ ವೇವ್‌ನ ಸರಾಸರಿ ಫುಲ್ ವೇವ್‌ನ ಅರ್ಧ. ಪೀಕ್ ಅದೇ, ಆದರೆ ಪ್ರತಿ ಎರಡನೇ ಗುಡ್ಡ ಕಾಣೆಯಾಗಿದೆ. ಬ್ರಿಡ್ಜ್ ಸರಿ ಇದ್ದು ಕೆಪಾಸಿಟರ್ ಒಣಗಿದ್ದರೆ ಇಲ್ಲಿ 11.2ವೇ ಬರುತ್ತಿತ್ತು. ಹಾಗಾಗಿ ತಪ್ಪು ಬ್ರಿಡ್ಜ್‌ನದ್ದೇ.

ಸೆಕೆಂಡರಿಯ ಒಂದು ವೈರ್ ಬಿಡಿಸಿ ಡಯೋಡುಗಳನ್ನು ತಾಮ್ರದ ಬದಿಯಿಂದ ಅಳೆದೆ. ಮೂರರಲ್ಲಿ 0.56, 0.57. ನಾಲ್ಕನೆಯದರಲ್ಲಿ ಡಿಸ್‌ಪ್ಲೇಯ ಎಡಬದಿಯಲ್ಲಿ ಬರೀ '1', ಅಂದರೆ ಓಪನ್. ಪ್ರೋಬ್ ಹಾಗೇ ಹಿಡಿದುಕೊಂಡು ಹುಡುಗನಿಗೆ ಆ ಡಯೋಡನ್ನು ಮೇಲಿನಿಂದ ಬೆರಳಲ್ಲಿ ಒತ್ತಲು ಹೇಳಿದೆ. 0.56 ಬಂತು. ಬೆರಳು ತೆಗೆದ, ಮತ್ತೆ '1'. ಡಯೋಡ್ ಸತ್ತಿರಲಿಲ್ಲ. ಡ್ರೈ ಸೋಲ್ಡರ್. ಲೆನ್ಸ್ ಇಟ್ಟು ನೋಡಿದರೆ ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ. ಸೋಲ್ಡರ್ ಗುಂಡಗೆ ಕೂತಿದೆ, ಆದರೆ ಕಾಲಿಗೆ ಹಿಡಿದೇ ಇಲ್ಲ.

ಡಯೋಡುಗಳು ಹಳೆಯ ಸ್ಟಾಕಿನವು, ಕಾಲುಗಳು ಮಂಕಾಗಿ ಕಪ್ಪಾಗಿದ್ದವು. ನಮ್ಮ ಕಡೆ ಇದು ಮಾಮೂಲು. ಕಡಲಿನ ಗಾಳಿ, ನಾಲ್ಕು ತಿಂಗಳ ಮಳೆ. ತೆರೆದಿಟ್ಟ ಡಬ್ಬಿಯ ಕಾಂಪೊನೆಂಟಿನ ಕಾಲು ಬೇಗ ಮಾಸುತ್ತದೆ. ಬ್ಲೇಡಿನಿಂದ ಹೊಳಪು ಬರುವಷ್ಟು ಕೆರೆದು, ಮೊದಲು ಕಾಲಿಗೆ ಸ್ವಲ್ಪ ಸೋಲ್ಡರ್ ಹಿಡಿಸಿ, ಆಮೇಲೆ ಬೋರ್ಡಿಗೆ ಹಾಕಬೇಕು. ನಾಲ್ಕನ್ನೂ ಹಾಗೆ ಮಾಡಿಸಿದೆ. ಕೆಪಾಸಿಟರ್ ಇಲ್ಲದೆ ಮತ್ತೆ ಅಳೆದರೆ 11.2.

ಎಲ್ಲ ಜೋಡಿಸಿ ಸ್ಟ್ರಿಪ್ ಹಾಕಿದ. ಬೆಳಕು ನಿಂತಿತು. ಹುಡುಗ ಪೆಟ್ಟಿಗೆ ಮುಚ್ಚಲು ಸ್ಕ್ರೂ ಹುಡುಕತೊಡಗಿದ. "ನಿಲ್ಲು ಮಾರಾಯ" ಎಂದೆ. 7812ರ ಔಟ್‌ಪುಟ್ ಇನ್ನೂ 11.2. 12 ಕೊಡಬೇಕಾದ ರೆಗ್ಯುಲೇಟರ್ 11.2 ಕೊಡುತ್ತಿದ್ದರೆ ಅದಕ್ಕೆ ಮೇಲಿನಿಂದ ಸಾಲುತ್ತಿಲ್ಲ ಎಂದರ್ಥ.

7812ಕ್ಕೆ ಔಟ್‌ಪುಟ್‌ಗಿಂತ ಸುಮಾರು 2 ವೋಲ್ಟ್ ಜಾಸ್ತಿ ಇನ್‌ಪುಟ್ ಬೇಕು. ಅಂದರೆ 14. ಸರಾಸರಿ 14 ಇದ್ದರೆ ಸಾಲದು, ಅಲೆಯ ತಗ್ಗಿನಲ್ಲೂ 14 ಇರಬೇಕು. ಸ್ಟ್ರಿಪ್ ಒಂದು ಮೀಟರಿಗೆ 4.8 ವ್ಯಾಟ್‌ನದ್ದು, ಅಂದರೆ 0.4 ಆಂಪಿಯರ್. ರಿಲೇ ಕಾಯಿಲ್ 400 ಓಮ್, ಅಂದರೆ 30 ಮಿಲಿಆಂಪ್. ಚಿಲ್ಲರೆ ಸೇರಿ 0.45 ಎನ್ನೋಣ. ರಿಪಲ್‌ಗೆ, ಅಂದರೆ ಪೀಕ್‌ನಿಂದ ತಗ್ಗಿನವರೆಗಿನ ಇಳಿತಕ್ಕೆ, ಒಂದು ಅಂದಾಜು ಲೆಕ್ಕ ಉಂಟು: ಕರೆಂಟನ್ನು 100ರಿಂದಲೂ ಕೆಪಾಸಿಟರಿನ ಬೆಲೆಯಿಂದಲೂ ಭಾಗಿಸಬೇಕು. 470 ಮೈಕ್ರೋಫ್ಯಾರಡ್‌ಗೆ 9.6 ವೋಲ್ಟ್ ಬರುತ್ತದೆ. ಈ ಲೆಕ್ಕ ಸ್ವಲ್ಪ ಜಾಸ್ತಿಯೇ ಹೇಳುತ್ತದೆ, ನಿಜದಲ್ಲಿ ಅಷ್ಟು ಇಳಿಯುವುದಿಲ್ಲ. ಆದರೂ ಲೋಡ್ ಇದ್ದಾಗ ಕೆಪಾಸಿಟರ್ ಮೇಲೆ ಸಿಗುವ 16ರ ಹತ್ತಿರದ ಪೀಕ್‌ನಿಂದ ತಗ್ಗು 14ಕ್ಕಿಂತ ಎಷ್ಟೋ ಕೆಳಗೆ ಹೋಗುತ್ತದೆ ಎನ್ನುವುದಕ್ಕೆ ಇಷ್ಟು ಸಾಕು. ಡಯೋಡ್ ಒಂದು ಕೈಕೊಟ್ಟಾಗ ಭಾಗಿಸಬೇಕಾದದ್ದು 100ರಿಂದಲ್ಲ, 50ರಿಂದ. ತಗ್ಗು ಇನ್ನೂ ಆಳ. ಆ ಸ್ಟ್ರಿಪ್‌ನಲ್ಲಿ ಮೂರು ಮೂರು ಎಲ್‌ಇಡಿ ಸೀರೀಸ್‌ನಲ್ಲಿರುತ್ತವೆ. 8 ವೋಲ್ಟ್ ಹತ್ತಿರ ಬಂದರೆ ಕತ್ತಲೆ. ಸೆಕೆಂಡಿಗೆ 50 ಸಲ ಕತ್ತಲಾಗುವ ದೀಪವನ್ನೇ ಅಜ್ಜಿ ಕಣ್ಣು ಮಿಟುಕಿಸುತ್ತದೆ ಎಂದದ್ದು. ರಿಲೇ ಗುಂಯ್‌ಗುಟ್ಟಿದ್ದೂ ಇದಕ್ಕೇ.

2200 ಮೈಕ್ರೋಫ್ಯಾರಡ್ ಹಾಕಿದೆವು. ರಿಪಲ್ 2 ವೋಲ್ಟ್‌ಗೆ ಬಂತು. ಔಟ್‌ಪುಟ್ ನೆಟ್ಟಗೆ 12.0. ಹುಡುಗನಿಗೆ ಮತ್ತೆ ಸ್ಕ್ರೂ ನೆನಪಾಯಿತು.

ಆದರೆ ಅಜ್ಜಿ ಮನೆ ಲೈನಿನ ಕೊನೆಯಲ್ಲಿದೆ. ಸಂಜೆ ಸುತ್ತಲಿನ ತೋಟದ ಪಂಪುಗಳು ಶುರುವಾದರೆ 200ರವರೆಗೆ ಇಳಿಯುತ್ತದೆ ಎಂದು ಅವನೇ ಹೇಳಿದ್ದ. ತುಳಸಿಕಟ್ಟೆಗೆ ದೀಪ ಬೇಕಾಗುವುದೂ ಆಗಲೇ ಅಲ್ವಾ? ವೇರಿಯಾಕ್‌ಗೆ (ಲೈನ್ ವೋಲ್ಟೇಜ್ ಬೇಕಾದಷ್ಟಕ್ಕೆ ತಿರುಗಿಸುವ ಟ್ರಾನ್ಸ್‌ಫಾರ್ಮರ್) ಹಾಕಿ 200ಕ್ಕೆ ಇಳಿಸಿದೆ. ಔಟ್‌ಪುಟ್ 10.8. ಹುಡುಗ ಕೂಡಲೇ 4700 ಹಾಕೋಣ ಎಂದ. ಬೇಡ ಎನ್ನಲಿಲ್ಲ. ಕೈಯಾರೆ ನೋಡಲಿ ಎಂದು ಹಾಕಿಸಿದೆ. 11.0. ಕೆಪಾಸಿಟರ್ ಎರಡು ಪಟ್ಟಾಯಿತು, ಸಿಕ್ಕಿದ್ದು 0.2 ವೋಲ್ಟ್.

ಯಾಕೆಂದರೆ ಕೆಪಾಸಿಟರ್ ತಗ್ಗನ್ನು ತುಂಬುತ್ತದೆ, ಪೀಕನ್ನು ಎತ್ತುವುದಿಲ್ಲ. ಲೈನ್ 200 ಇದ್ದಾಗ, ಲೋಡ್ ಹೊತ್ತ ಸೆಕೆಂಡರಿ 11ಕ್ಕೆ ಬರುತ್ತದೆ. ಅದರ ಪೀಕ್ 15.5. ಎರಡು ಡಯೋಡ್ ಸುಮಾರು 1.8 ತಿನ್ನುತ್ತವೆ, ವೈಂಡಿಂಗ್ ಇನ್ನಷ್ಟು. ಉಳಿಯುವುದು 13.3. ಪೀಕೇ 14 ಮುಟ್ಟದಿದ್ದರೆ ಬಕೆಟ್ ಗಾತ್ರದ ಕೆಪಾಸಿಟರ್ ಇಟ್ಟರೂ 7812ಕ್ಕೆ 12 ಕೊಡಲಾಗದು. ದೊಡ್ಡ ಕೆಪಾಸಿಟರ್‌ಗೆ ಬೇರೆ ತೊಂದರೆಯೂ ಇದೆ. ತುಂಬುವ ಸಮಯ ಕಡಿಮೆಯಾಗಿ, ಆ ಹೊತ್ತಿನ ಕರೆಂಟು ಚೂಪಾಗುತ್ತದೆ. ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. 1 ಆಂಪಿಯರ್ ಟ್ರಾನ್ಸ್‌ಫಾರ್ಮರಿನಿಂದ ಹೀಗೆ ತೆಗೆಯಬಹುದಾದ ಡಿಸಿ ಸುಮಾರು 0.6 ಆಂಪಿಯರ್ ಮಾತ್ರ.

"ಹಾಗಾದ್ರೆ 7812 ತೆಗೆದು ನೇರ ಕೊಟ್ಟರೆ?" ಎಂದ. ಸಂಜೆ 13 ವೋಲ್ಟ್‌ಗೆ ಸ್ಟ್ರಿಪ್ ಚೆನ್ನಾಗಿಯೇ ಉರಿಯುತ್ತದೆ. ಆದರೆ ಬೆಳಗ್ಗೆ ಲೈನ್ ಏರಿದಾಗ 16 ಹತ್ತಿರ ಬರುತ್ತದೆ. ಆಗ ಸ್ಟ್ರಿಪ್‌ನ ಸಣ್ಣ ರೆಸಿಸ್ಟರುಗಳ ಮೇಲೆ ಬೀಳುವ ವೋಲ್ಟೇಜ್ ಎರಡು ಪಟ್ಟಾಗುತ್ತದೆ. ಕರೆಂಟೂ ಎರಡು ಪಟ್ಟು. ಸ್ಟ್ರಿಪ್ ಕೆಲವೇ ದಿನಗಳಲ್ಲಿ ಹಳದಿಯಾಗಿ ಸಾಯುತ್ತದೆ. ರೆಗ್ಯುಲೇಟರ್ ಬೇಕೇ ಬೇಕು.

ಸರಿಯಾದ ದಾರಿ 0-15 ವೋಲ್ಟ್ ಟ್ರಾನ್ಸ್‌ಫಾರ್ಮರ್. (ಅಂಗಡಿಯಲ್ಲಿ ಸಿಗುವ ರೆಡಿಮೇಡ್ 12 ವೋಲ್ಟ್ ಅಡಾಪ್ಟರ್ ತಂದರೆ ಇದ್ಯಾವುದೂ ಬೇಡ. ಅದನ್ನೂ ಹೇಳಿದೆ. ಅವನಿಗೆ ತಾನೇ ಕಟ್ಟಬೇಕು. ಆ ವಯಸ್ಸಿನಲ್ಲಿ ಹಾಗೆ ಇರಬೇಕಾದದ್ದೇ.) 15ರದ್ದು ಹಾಕಿ ವೇರಿಯಾಕ್ 200ಕ್ಕೆ ಇಳಿಸಿದರೆ, 2200 ಮೈಕ್ರೋಫ್ಯಾರಡ್‌ನಲ್ಲೇ ತಗ್ಗು 15ರ ಮೇಲೆ ನಿಂತಿತು. ಔಟ್‌ಪುಟ್ 12.0. ಇನ್ನು ಮೇಲಿನ ಕಡೆಯ ಲೆಕ್ಕ. ಲೋಡ್ ಇಲ್ಲದೆ, ಲೈನ್ 250ಕ್ಕೆ ಏರಿದರೆ ಕೆಪಾಸಿಟರ್ ಮೇಲೆ 25 ವೋಲ್ಟ್ ಬರುತ್ತದೆ. ಹಾಗಾಗಿ ಅವನ ಹಳೆಯ 25 ವೋಲ್ಟ್ ರೇಟಿಂಗ್ ಸಾಲದು. 35ರದ್ದು ಹಾಕಿಸಿದೆ.

ಇದಕ್ಕೆ ತೆರಬೇಕಾದ ಬೆಲೆ ಶಾಖ. ಲೈನ್ ಸರಿ ಇರುವಾಗ 7812ರ ಮುಂಚೆ ಸರಾಸರಿ 19 ವೋಲ್ಟ್ ಇರುತ್ತದೆ. ಆಚೆ 12. ನಡುವಿನ 7 ವೋಲ್ಟ್ 0.45 ಆಂಪಿಯರ್ ಜೊತೆ ಸೇರಿ 3 ವ್ಯಾಟ್ ಚಿಲ್ಲರೆ ಶಾಖವಾಗುತ್ತದೆ. ಹೀಟ್‌ಸಿಂಕ್ ಇಲ್ಲದ 7812ಗೆ ಇದು ತಡೆಯಲಾಗದಷ್ಟು. ಬಿಸಿಯಾಗಿ ತಾನೇ ಆಫ್ ಆಗುತ್ತದೆ, ತಣಿದು ಮತ್ತೆ ಆನ್ ಆಗುತ್ತದೆ. ಆಗ ದೀಪ ನಿಧಾನವಾಗಿ ಮಿಟುಕಿಸಲು ಶುರು ಮಾಡುತ್ತಿತ್ತು, ಅಜ್ಜಿಯ ಇನ್ನೊಂದು ಫೋನ್ ಬರುತ್ತಿತ್ತು. ಹಳೆಯ ಆಂಪ್ಲಿಫೈಯರಿನದ್ದೊಂದು ಅಲ್ಯೂಮಿನಿಯಂ ಹೀಟ್‌ಸಿಂಕ್ ಇತ್ತು, ಪೇಸ್ಟ್ ಹಚ್ಚಿ ಕಚ್ಚಿಸಿದೆವು. ಒಂದು ಗಂಟೆ ಓಡಿದ ಮೇಲೆ ಬಿಸಿ ಇತ್ತು, ಆದರೆ ಬೆರಳು ಇಟ್ಟುಕೊಳ್ಳುವಷ್ಟು.

ಪೆಟ್ಟಿಗೆ ಅಜ್ಜಿ ಮನೆಯಲ್ಲಿ ಮತ್ತೆ ಕೂತಿತು. ಸಂಜೆ ಏಳಕ್ಕೆ ಹುಡುಗ ಮೀಟರ್ ಫೋಟೋ ಕಳಿಸಿದ: ಲೈನ್ 204, ಔಟ್‌ಪುಟ್ 11.98. ಈ ಸಲ ಎಸಿ ರೇಂಜ್, ಡಿಸಿ ರೇಂಜ್ ಎರಡನ್ನೂ ಸರಿಯಾಗಿ ಹಾಕಿದ್ದ. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಲು ಹೇಳಿದ್ದೆ, ಮುಂದೆ ಬಿಚ್ಚುವವರಿಗೆ: ಕೆಪಾಸಿಟರ್ ಎತ್ತಿ, ಒಂದು ಕಿಲೋಓಮ್ ಹಾಕಿ ಅಳೆದಾಗ ಎಷ್ಟು ಬರಬೇಕು ಎಂದು. 15ರ ಟ್ರಾನ್ಸ್‌ಫಾರ್ಮರಿಗೆ ಅದು 14ರ ಆಸುಪಾಸು. 7 ಬಂದರೆ ಮೊದಲು ಡಯೋಡುಗಳ ಕಾಲು ನೋಡಬೇಕು. ಪ್ರೈಮರಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಕಡೆ, ಫ್ಯೂಸೇ ಇರಲಿಲ್ಲ. 250 ಮಿಲಿಆಂಪ್‌ನದ್ದೊಂದು ಹಾಕಿಸಿದ್ದೇನೆ, ಹೋಲ್ಡರ್ ಸಮೇತ.